ಹೂಂಗುಟ್ಟುವ ಕಿವಿ

ಕಥೆ ಹೇಳುವ ಮುನ್ನ ಅಜ್ಜಿಯರು ಮಕ್ಕಳಿಗೆ ಒಂದು ಕರಾರು ಹಾಕುತ್ತಿದ್ದುದು ಹಿರಿಯ ಓದುಗರಿಗೆ ನೆನಪಿದ್ದೀತು. ಯಾರಾದರೊಬ್ಬರು ಹೂಂಗುಟ್ಟುತ್ತಿರಬೇಕು, ಹೂಂಕಾರ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮಗು ನಿದ್ದೆ ಹೋಯಿತೇ ಎಂದು ತಿಳಿಯುವ ಉಪಾಯವಿದು ಎಂದೇ ನಾವು ಭಾವಿಸಿದ್ದೇವೆ. ಆದರೆ ಆ ಹೂಂಕಾರ ಕಥೆಯನ್ನೇ ಎತ್ತಿ ನಿಲ್ಲಿಸುವ ಆಸರೆಯೂ ಹೌದು.

ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬಾವೆಲಾಸ್ ಹಾಗೂ ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಲ್ಲೇಖಾರ್ಹ. ಸ್ವಲ್ಪದರಲ್ಲಿಯೇ ಅಪಾಯದಿಂದ ಪಾರಾದ ತಮ್ಮ ಅನುಭವವನ್ನು ಕೆಲವರು ಎದುರಿಗೆ ಕುಳಿತ ಅಪರಿಚಿತರಿಗೆ ಹೇಳಬೇಕಿತ್ತು. ಕೇಳುಗರಲ್ಲಿ ಕೆಲವರಿಗೆ ಗುಟ್ಟಾಗಿ ಬೇರೊಂದು ಕೆಲಸ ಒಪ್ಪಿಸಲಾಗಿತ್ತು: ಇಂಗ್ಲಿಷಿನ ‘ಟಿ’ ಅಕ್ಷರದಿಂದ ಮೊದಲಾಗುವ ಪದಗಳನ್ನು ಎಣಿಸುವುದು. ಅವರ ಕಿವಿ ಚುರುಕಾಗಿಯೇ ಇತ್ತು; ಮನಸ್ಸು ಅರ್ಥದ ಮೇಲಿರಲಿಲ್ಲ. ಅವರು ತಲೆದೂಗುವುದು, ತಕ್ಕ ಸಮಯಕ್ಕೆ ಬೆಚ್ಚುವುದು ಕಡಿಮೆಯಾಯಿತು. ಒಡನೆಯೇ ಹೇಳುವವರ ಕಥನವೂ ಸೊರಗಿತು. ಮೈ ಜುಮ್ಮೆನ್ನಬೇಕಾದ ಕೊನೆಯ ಘಟ್ಟದಲ್ಲಿಯೇ ಅವರು ತಡವರಿಸಿದರು. ಕೇಳುಗನನ್ನು ಸಹಕಥನಕಾರನೆಂದು ಆ ಸಂಶೋಧಕರು ಕರೆದದ್ದು ಸುಮ್ಮನಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹರ್ಬರ್ಟ್ ಕ್ಲಾರ್ಕ್ ಇದೇ ವಿಷಯವನ್ನು ಇನ್ನೊಂದು ಮಗ್ಗುಲಿನಿಂದ ನೋಡಿದವರು. ಡಿಯಾನಾ ವಿಲ್ಕ್ಸ್-ಗಿಬ್ಸ್ ಅವರೊಡನೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಇಬ್ಬಿಬ್ಬರನ್ನು ಜೊತೆಗೂಡಿಸಿ, ನಡುವೆ ಪರದೆ ಇಟ್ಟು, 12 ವಿಚಿತ್ರಾಕೃತಿಗಳನ್ನು ಮಾತಿನಿಂದಲೇ ಗುರುತಿಸಿ ಜೋಡಿಸಲು ಹೇಳಿದರು. ಮೊದಲ ಸುತ್ತಿನಲ್ಲಿ ಒಂದೊಂದು ಆಕೃತಿಗೆ ಸರಾಸರಿ 41 ಪದಗಳು ಬೇಕಾದವು. ಆರನೆಯ ಸುತ್ತಿನಲ್ಲಿ ಎಂಟೇ ಸಾಕಾದವು. ಅಷ್ಟರಲ್ಲಿ ಇಬ್ಬರೂ ಕೂಡಿ ಪ್ರತಿಯೊಂದಕ್ಕೂ ಹೆಸರಿಟ್ಟುಕೊಂಡಿದ್ದರು. 1989ರಲ್ಲಿ ಮೈಕೆಲ್ ಶೋಬರ್ ಅವರೊಡನೆ ಕ್ಲಾರ್ಕ್ ಮತ್ತೊಂದನ್ನು ತೋರಿಸಿಕೊಟ್ಟರು: ಇಂಥ ಸಂಭಾಷಣೆಯನ್ನು ಮೊದಲಿನಿಂದ ಪೂರ್ತಿ ಕೇಳಿಸಿಕೊಂಡರೂ, ಪ್ರಶ್ನೆ ಕೇಳುವ ಅವಕಾಶವಿಲ್ಲದ ಮೂರನೆಯವನಿಗೆ ಅಷ್ಟು ಚೆನ್ನಾಗಿ ಅರ್ಥವಾಗುವುದಿಲ್ಲ.

ಹೊಸ ಸೊಸೆಯ ಪಾಡು ಬಹುಮಟ್ಟಿಗೆ ಈ ಮೂರನೆಯವನದೇ. ಪ್ರತಿ ಮನೆಯ ಮಾತೂ ವರ್ಷಗಳ ಬಳಕೆಯಿಂದ ಎಂಟು ಪದಗಳಿಗೆ ಇಳಿದಿರುತ್ತದೆ. “ಅದನ್ನು ಅಲ್ಲಿಡು” ಎಂದರೆ ಮನೆಮಂದಿಗೆಲ್ಲ ಸ್ಪಷ್ಟ. ನಿನ್ನೆ ಬಂದವಳಿಗೆ ‘ಅದು’ ಯಾವುದು, ‘ಅಲ್ಲಿ’ ಎಲ್ಲಿ? ಮೈಸೂರಿನ ಕಡೆಯ ಹುಡುಗಿ ಧಾರವಾಡದ ಕಡೆಗೆ ಸೊಸೆಯಾಗಿ ಹೋದರೆ ಪದಗಳೂ ಕೈಕೊಡುತ್ತವೆ. ಅವಳಿಗೆ ‘ಪಲ್ಯ’ವೆಂದರೆ ಬೆಂದು ಒಗ್ಗರಣೆ ಕಂಡದ್ದು, ಅತ್ತೆಯವರಿಗೆ ಸಂತೆಯಿಂದ ತಂದ ಹಸಿ ತರಕಾರಿಯೂ ‘ಕಾಯಿಪಲ್ಯ’ವೇ. ಅವಳು ತಿರುಗಿ ಕೇಳಿದಾಗ “ಇಷ್ಟೂ ತಿಳಿಯದೇ?” ಎಂಬ ಉತ್ತರ ಬಂದರೆ, ಮರುದಿನದಿಂದ ಅವಳು ಕೇಳುವುದನ್ನೇ ಬಿಡುತ್ತಾಳೆ. ಅರ್ಥವಾಗದಿದ್ದರೂ “ಹೂಂ” ಎನ್ನುತ್ತಾಳೆ. ಇದನ್ನು ಅವಳ ಮಂದಬುದ್ಧಿ ಎನ್ನುವವರಿದ್ದಾರೆ. ಕೇಳುವ ಬಾಯಿ ಮುಚ್ಚಿಸಿದವರ ಪಾಲು ಅದರಲ್ಲಿ ಹೆಚ್ಚೆಂದು ನನಗೆ ತೋರುತ್ತದೆ.

ಅಂಥ “ಹೂಂ” ವೈದ್ಯರ ಕೋಣೆಯಲ್ಲಿ ಇನ್ನೂ ಅಪಾಯಕಾರಿ. “ಅರ್ಥವಾಯಿತೇ?” ಎಂದರೆ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಗೌರವಕ್ಕಾಗಿಯಾದರೂ ತಲೆಯಾಡಿಸುತ್ತಾರೆ. ಆದ್ದರಿಂದಲೇ, ಹೇಳಿದ್ದನ್ನು ರೋಗಿಯ ಬಾಯಿಂದ ಅವರದೇ ಮಾತಿನಲ್ಲಿ ಮತ್ತೆ ಹೇಳಿಸುವ ಕ್ರಮವನ್ನು ಇಂದು ವೈದ್ಯರಿಗೆ ಕಲಿಸುತ್ತಾರೆ. ಸಕ್ಕರೆಯ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ಸೂಚನೆಯನ್ನೇ ನೋಡಿ. “ನಾಳೆ ಹೇಗೆ ಬರುತ್ತೀರಿ, ಹೇಳಿ ತಾಯಿ” ಎಂದು ಕೇಳಿದರಲ್ಲವೇ ಉತ್ತರ ಹೊರಡುವುದು: “ಏನೂ ತಿನ್ನುವುದಿಲ್ಲಪ್ಪ. ಎದ್ದವಳೇ ಒಂದು ಲೋಟ ಕಾಫಿ ಕುಡಿದು ಹಾಗೆಯೇ ಬಂದುಬಿಡುತ್ತೇನೆ.”