ಮಾತಾಡುವ ನರಿ, ಮಾತಾಡದ ಓತಿ

ಪಂಚತಂತ್ರವನ್ನು ನಾವು ಚಿಕ್ಕ ಮಕ್ಕಳ ಪುಸ್ತಕ ಎಂದುಕೊಂಡಿದ್ದೇವೆ. ಆದರೆ ಸುಮಾರು 1031ರಲ್ಲಿ ಅದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಿಯ ವ್ಯವಹಾರ ನೋಡುವ ಅಧಿಕಾರಿ. ಅಂಥವನಿಗೆ ಸಿಂಹ, ನರಿ, ಎತ್ತಿನ ಕಥೆ ಮಕ್ಕಳಾಟ ಆಗಿರಲಿಕ್ಕಿಲ್ಲ. ಸಿಂಹ ಎಂದರೆ ರಾಜ, ನರಿ ಎಂದರೆ ಕಿವಿಯೂದುವ ಮಂತ್ರಿ. ಹೆಸರೆತ್ತದೆ ದೊಡ್ಡವರ ತಪ್ಪು ಹೇಳಲು ಪ್ರಾಣಿಯ ಮುಖವಾಡ ಒಳ್ಳೆಯ ಉಪಾಯ.

ನಮ್ಮ ಮನೆಯ ಉರ್ದುವಿನಲ್ಲಿ ಆ ನರಿಗಳ ಹೆಸರು ಕಲೀಲಾ ಮತ್ತು ದಿಮ್ನಾ. ಸಂಸ್ಕೃತದ ಕರಟಕ, ದಮನಕರು ಪಹ್ಲವಿ ಭಾಷೆಗೆ ಹೋಗಿ, 8ನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅವರ ಕೈಯಲ್ಲಿ ಅರಬ್ಬಿಗೆ ಬಂದರು. ಆಮೇಲೆ ಪಾರ್ಸಿ, ಉರ್ದು. ದಾರಿಯಲ್ಲಿ ಕಥೆಯೂ ಬದಲಾಯಿತು. ಸಂಸ್ಕೃತದಲ್ಲಿ ಎತ್ತನ್ನು ಕೊಲ್ಲಿಸಿದ ನರಿ ಆರಾಮವಾಗಿ ಮಂತ್ರಿಯಾಗಿಯೇ ಉಳಿಯುತ್ತದೆ. ಅರಬ್ಬಿಯಲ್ಲಿ ದಿಮ್ನಾನ ವಿಚಾರಣೆ ನಡೆದು, ಸಾಕ್ಷಿ ಸಿಕ್ಕಿ, ಶಿಕ್ಷೆಯಾಗುತ್ತದೆ. ನನಗೆ ಇದೇ ಇಷ್ಟ.

ಆದರೆ ಇಷ್ಟರಲ್ಲಿ ನಿಜವಾದ ನರಿ ಎಲ್ಲಿ ಹೋಯಿತು? ಅದು ಏನು ತಿನ್ನುತ್ತದೆ, ಮರಿಯನ್ನು ಹೇಗೆ ಸಾಕುತ್ತದೆ ಎಂದು ಕಥೆ ಕೇಳುವುದೇ ಇಲ್ಲ. 'ನರಿಬುದ್ಧಿ' ಎಂಬ ಕೆಟ್ಟ ಹೆಸರಷ್ಟೇ ಅದರ ಪಾಲಿಗೆ. ಇಲಿ ತಿಂದು ರೈತನಿಗೆ ಉಪಕಾರ ಮಾಡುವ ಗೂಬೆಗೂ ಅಪಶಕುನದ ಪಟ್ಟ.

ಹೊಸಗನ್ನಡ ಕಾದಂಬರಿಯಲ್ಲಿ ಪ್ರಾಣಿ ಮಾತು ನಿಲ್ಲಿಸಿತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯ ನಾಯಿಯಾಗಿಯೇ ಇರುತ್ತದೆ, ಆದರೂ ಮರೆಯಲಾಗದ ಪಾತ್ರ. ತೇಜಸ್ವಿಯವರ 'ಕರ್ವಾಲೊ' (1980) ಇನ್ನೂ ಮುಂದೆ ಹೋಗುತ್ತದೆ. ವಿಜ್ಞಾನಿ ಕರ್ವಾಲೊ, ಜೇನಿನ ಮರ್ಮ ಬಲ್ಲ ಮಂದಣ್ಣ, ಕಿವಿ ಎಂಬ ನಾಯಿ, ಎಲ್ಲರೂ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುತ್ತಾರೆ. ಕೊನೆಗೆ ಅದು ಕಣ್ಣೆದುರೇ ಕಣಿವೆಗೆ ತೇಲಿ ಹೋಗುತ್ತದೆ. ಯಾರಿಗೂ ನೀತಿ ಹೇಳುವುದಿಲ್ಲ. ಕಾಮರ್ಸ್ ವಿದ್ಯಾರ್ಥಿಯಾದ ನನ್ನ ಲೆಕ್ಕಕ್ಕೆ ಇದು ಟ್ಯಾಲಿ ಆಗದ ಪುಸ್ತಕ. ಪಂಚತಂತ್ರದಲ್ಲಾದರೆ ಕೊನೆಗೊಂದು ಲಾಭ ಸಿಕ್ಕೇ ಸಿಗುತ್ತದೆ!

ಆ ಓತಿ ಕಟ್ಟುಕಥೆ ಅಲ್ಲ. ಫಳ್ನೀರಿನ ಬೀದಿಯಲ್ಲಿ ಕಾಣಲಿಕ್ಕಿಲ್ಲ, ಆದರೆ ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲಿದೆ. ಮೈಬಣ್ಣ ಮರದ ತೊಗಟೆಯಂತೆ, ಆಹಾರ ಮುಖ್ಯವಾಗಿ ಇರುವೆ. ಉದ್ದನೆಯ ಪಕ್ಕೆಲುಬುಗಳನ್ನು ಅಗಲಿಸಿದರೆ ನಡುವಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಹಕ್ಕಿಯಂತೆ ಮೇಲೇರಲಾರದು, ಮರದಿಂದ ಮರಕ್ಕೆ ಇಳಿಜಾರಾಗಿ ತೇಲುತ್ತದೆ. ಗಂಡಿನ ಗಂಟಲಿನಡಿ ಹಳದಿ ಚೀಲವಿರುತ್ತದೆ. ಪುತ್ತೂರು, ಸುಳ್ಯ ಕಡೆಯಿಂದ ಬರುವ ಗೆಳೆಯರೇ, ರಜೆಯಲ್ಲಿ ತೋಟಕ್ಕೆ ಹೋದಾಗ ಕಂಡರೆ ಕ್ಲಾಸಿಗೆ ಬಂದು ಹೇಳಿ.