ಡೊನಾಲ್ಡ್‌ನನ್ನು ಬೆಳೆಸಿದ ಊರು

ಒಂದು ಪುಟ್ಟ ಮಗು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಅಪ್ಪ ಮನೆಗೆ ಬಂದರೆ ಓಡಿ ಹೋಗುವುದಿಲ್ಲ. ಆದರೆ ಪಾತ್ರೆಯೊಂದು ಕೈಗೆ ಸಿಕ್ಕಿತೋ, ಅದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಾ ಕೂತುಬಿಡುತ್ತದೆ. ನಡುವೆ ಯಾರಾದರೂ ತಡೆದರೆ ಮನೆ ಹಾರಿಹೋಗುವಂತೆ ಕಿರುಚುತ್ತದೆ. ಇಂಥ ಮಗು ನಿಮ್ಮ ಬೀದಿಯಲ್ಲಿರಬಹುದು, ನಿಮ್ಮ ತರಗತಿಯಲ್ಲಿರಬಹುದು, ನಿಮ್ಮದೇ ಮೊಮ್ಮಗುವೂ ಆಗಿರಬಹುದು. ವೈದ್ಯರು ಇದನ್ನು ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರಿದೆ.

ಆಟಿಸಂ ಕುರಿತ ವೈದ್ಯರ ಬರಹದಲ್ಲಿ ಮೊಟ್ಟಮೊದಲನೆಯವನಾಗಿ ದಾಖಲಾದ ಹುಡುಗನ ಕಥೆ ಇದು. ಅವನ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ.

ತಂದೆ ವಕೀಲರು. ತಾಯಿಯ ತವರಿನವರದು ಊರಿನ ಬ್ಯಾಂಕ್. ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಪ್ರತಿ ದಿನವೂ ಒಂದು ಪರೀಕ್ಷೆ. ತಾಯಿ ಕೆಲವು ಮಾತುಗಳನ್ನು ಅವನು ಹೇಳಿಕೊಟ್ಟ ಹಾಗೇ, ಒಂದಕ್ಷರ ಬದಲಿಸದೆ ಹೇಳಬೇಕು. ಇಲ್ಲವಾದರೆ ರಂಪ. ‘ನಾನು’ ಎನ್ನಬೇಕಾದಲ್ಲಿ ಅವನು ‘ನೀನು’ ಎನ್ನುತ್ತಿದ್ದ. ಇದೇ ಹುಡುಗ ಒಂದು ವರ್ಷದವನಿದ್ದಾಗಲೇ ಎಷ್ಟೋ ಹಾಡುಗಳ ರಾಗವನ್ನು ತಪ್ಪಿಲ್ಲದೆ ಗುನುಗುತ್ತಿದ್ದ.

ಮಗು ಮೂರು ವರ್ಷದವನಿದ್ದಾಗ ವೈದ್ಯರ ಸಲಹೆಯಂತೆ ಹೆತ್ತವರು ಅವನನ್ನು ದೂರದ ಆರೈಕೆ ಕೇಂದ್ರವೊಂದರಲ್ಲಿ ಬಿಟ್ಟರು. ಅಲ್ಲಿ ಅವನು ಮಂಕಾದ. ಸುಮ್ಮನೆ ಒಂದೆಡೆ ಕೂತಿರುತ್ತಿದ್ದ. ಸುಮಾರು ಒಂದು ವರ್ಷ ಕಳೆದ ಮೇಲೆ, ಅಲ್ಲಿನ ಮುಖ್ಯಸ್ಥರು ಬೇಡವೆಂದರೂ ಕೇಳದೆ ಅವರು ಮಗನನ್ನು ಮನೆಗೆ ಕರೆತಂದರು. ಆ ಮೇಲೆ ತಂದೆ ಮಗನ ಬಗ್ಗೆ 33 ಪುಟಗಳ ಪತ್ರವನ್ನು ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ ಕಳಿಸಿದರು. 1938ರಲ್ಲಿ ಕ್ಯಾನರ್ ಡೊನಾಲ್ಡ್‌ನನ್ನು ನೋಡಿದರು. 1943ರಲ್ಲಿ ಇಂಥ 11 ಮಕ್ಕಳ ಬಗ್ಗೆ ಲೇಖನ ಬರೆದರು. ಅದರಲ್ಲಿ ಮೊದಲ ಹೆಸರೇ ಡೊನಾಲ್ಡ್.

ಹೊಲದ ಮನೆಯ ಪಾಠ

ಡೊನಾಲ್ಡ್‌ಗೆ ಎಂಟೊಂಬತ್ತು ವರ್ಷವಾದಾಗ ಹೆತ್ತವರು ಅವನನ್ನು ಹತ್ತು ಮೈಲಿ ದೂರದ ಒಂದು ರೈತ ದಂಪತಿಯ ಮನೆಯಲ್ಲಿ ಇರಿಸಿದರು. ಆ ದಂಪತಿ ಅವನ ಹುಚ್ಚಾಟ ಬಿಡಿಸಲು ಹೊರಡಲಿಲ್ಲ. ಅವನಿಗೆ ಏನು ಕಂಡರೂ ಅಳೆಯುವ ಚಟ. ಹಾಗಾದರೆ ಬಾವಿ ತೋಡು, ಎಷ್ಟು ಆಳವಾಯಿತು ಅಂತ ಅಳೆದು ಹೇಳು ಎಂದರು. ಮುಸುಕಿನ ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಎಣಿಸು, ಎಣಿಸುತ್ತಲೇ ಉಳುಮೆಯನ್ನೂ ಮಾಡು ಎಂದರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡುತ್ತಿದ್ದ. ಅವುಗಳನ್ನು ಹೂಳಲು ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ನೋಡಲು ಬಂದ ಕ್ಯಾನರ್ ಆ ದಂಪತಿಯ ಜಾಣತನಕ್ಕೆ ಬೆರಗಾದರು. ಹಳ್ಳಿಯ ಶಾಲೆಯೂ ಅವನನ್ನು ಅವನಿದ್ದ ಹಾಗೇ ಸೇರಿಸಿಕೊಂಡಿತು.

ಮುಂದೆ ಡೊನಾಲ್ಡ್ ಕಾಲೇಜಿಗೆ ಹೋದ, 1958ರಲ್ಲಿ ಪದವಿ ಪಡೆದ. ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ. 27ನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತ. ಗಾಲ್ಫ್ ಆಡಿದ. ಹಲವಾರು ದೇಶ ಸುತ್ತಿದ. ಹೆತ್ತವರು ತೀರಿಕೊಂಡ ಮೇಲೂ ತಾನು ಬೆಳೆದ ಮನೆಯಲ್ಲೇ ಬದುಕಿದ. ಸುತ್ತಲಿನವರು ಅವನನ್ನು ಕಾಯುತ್ತಿದ್ದರು. 2023ರಲ್ಲಿ 89ನೆಯ ವಯಸ್ಸಿನಲ್ಲಿ ಅವನು ಕಣ್ಣು ಮುಚ್ಚಿದ. ಆಟಿಸಂ ಅವನನ್ನು ಬಿಟ್ಟು ಹೋಗಿರಲಿಲ್ಲ. ಮಾತು ಕೊನೆಯವರೆಗೂ ಚುಟುಕಾಗಿಯೇ ಇತ್ತು.

ಹಣವಿದ್ದವರ ಮಗ, ಅದಕ್ಕೇ ಹೀಗಾಯಿತು ಎನ್ನಬಹುದು. ಅದೂ ನಿಜವೇ. ಎಲ್ಲ ಮಕ್ಕಳಿಗೂ ಇಷ್ಟು ಮಾತು, ಓದು ಒಲಿಯುವುದೂ ಇಲ್ಲ. ಆದರೆ ಬಾವಿ ಅಳೆಸಿದ ರೈತನ ಉಪಾಯಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ.

ಅಜ್ಜ ಅಜ್ಜಿಯರಿಗೆ

ಇಂಥ ಮಗುವಿರುವ ಮನೆಯಲ್ಲಿ ಕುಕ್ಕರ್ ಕೂಗಿದರೆ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಕ್ಷೌರ ಎಂದರೆ ಯುದ್ಧ. ದೀಪಾವಳಿಯ ಪಟಾಕಿ, ಮದುವೆಮನೆಯ ವಾಲಗ, ಜಾತ್ರೆಯ ಮೈಕು ಸಹಿಸಲಾಗದು. ಅದು ಹಟವಲ್ಲ. ನಮಗೆ ಸಾಧಾರಣವೆನಿಸುವ ಸದ್ದು, ಬೆಳಕು, ಮುಟ್ಟುವಿಕೆ ಆ ಮಗುವಿಗೆ ಹಲವು ಪಟ್ಟು ಜೋರಾಗಿ ತಟ್ಟುತ್ತದೆ. ರಾತ್ರಿ ನಿದ್ದೆ ಕಡಿಮೆ. ಮಗುವಿಗೆ ನಿದ್ದೆಯಿಲ್ಲದಿದ್ದರೆ ತಾಯಿಗೂ ಇಲ್ಲ. ಬಸ್ಸಿನಲ್ಲಿ ಮಗು ಕಿರುಚಿದಾಗ ‘ಸರಿಯಾಗಿ ಬೆಳೆಸಿಲ್ಲ’ ಎಂದು ಸೀಟಿನವರು ನೋಡುವ ನೋಟವೇ ಹೆತ್ತವರನ್ನು ಹೆಚ್ಚು ದಣಿಸುತ್ತದೆ.

ಸಂತೋಷಗಳೂ ಆ ಮನೆಯಲ್ಲಿ ಬೇರೆಯೇ. ಮೊಸರನ್ನ ಬಿಟ್ಟು ಬೇರೇನೂ ಮುಟ್ಟದವನು ಒಂದು ದಿನ ಉಪ್ಪಿಟ್ಟು ತಿಂದರೆ ಅಂದು ಹಬ್ಬ. ನಾಲ್ಕು ವರ್ಷಕ್ಕೆ ಮೊದಲ ಬಾರಿ ಚಂದ್ರನತ್ತ ಬೆರಳು ಮಾಡಿದರೆ, ಅಕ್ಕಪಕ್ಕದವರಿಗೆಲ್ಲ ಹೇಳಿಕೊಳ್ಳುವಷ್ಟು ಸಂಭ್ರಮ.

ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೇ ಆಟಿಸಂಗೆ ತಾಯಿಯ ತಣ್ಣನೆಯ ಮನಸ್ಸು ಕಾರಣ ಎಂದಿದ್ದರು. ಅದು ತಪ್ಪು ಎಂದು ಸಾಬೀತಾಗಿ ಎಷ್ಟೋ ವರ್ಷಗಳಾದವು. ಇದು ಮೆದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ. ವಂಶವಾಹಿಗಳ ಪಾತ್ರ ಇದರಲ್ಲಿ ದೊಡ್ಡದು. ಸೊಸೆಯ ತಪ್ಪೂ ಅಲ್ಲ, ಲಸಿಕೆಯ ತಪ್ಪೂ ಅಲ್ಲ, ಯಾರ ಕರ್ಮವೂ ಅಲ್ಲ.

‘ಗಂಡು ಮಕ್ಕಳಿಗೆ ಮಾತು ತಡ, ಕಾಯೋಣ’ ಎಂಬ ಮಾತು ಹಿರಿಯರ ಬಾಯಲ್ಲಿ ಹೆಚ್ಚು. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಕಾಯದೆ ಮಕ್ಕಳ ವೈದ್ಯರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಶಾಲೆಗೆ ಹೋಗುವುದು ಈ ಮಗುವಿನ ಹಕ್ಕು, ಯಾರೋ ತೋರುವ ದಯೆಯಲ್ಲ.

ನೀವು ಮಾಡಬಹುದಾದ ಇನ್ನೊಂದು ಉಪಕಾರವಿದೆ. ಉಪದೇಶವನ್ನು ಬದಿಗಿಟ್ಟು, ಮಧ್ಯಾಹ್ನ ಎರಡು ಗಂಟೆ ಮಗುವನ್ನು ನೀವು ನೋಡಿಕೊಳ್ಳಿ. ಅದರ ತಾಯಿ ಮಲಗಲಿ.

ಮಕ್ಕಳಿಗೆ

ಪುಟಾಣಿಗಳೇ, ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನಿದ್ದರೆ ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡಿ. ಉತ್ತರಕ್ಕೆ ಸ್ವಲ್ಪ ಕಾಯಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸಬೇಡಿ. ಹಿಂದಿನಿಂದ ಬಂದು ಮುಟ್ಟಬೇಡಿ. ಅವನಿಗೆ ಬಸ್ಸಿನ ನಂಬರುಗಳು ಇಷ್ಟವಿದ್ದರೆ, ಇವತ್ತು ನೀವು ಕಂಡ ಬಸ್ಸಿನ ನಂಬರು ಹೇಳಿ. ಮಾತು ಅಲ್ಲಿಂದಲೇ ಶುರುವಾಗಲಿ.

ಡೊನಾಲ್ಡ್‌ನ ಶಾಲೆಯ ಹುಡುಗರು ಒಮ್ಮೆ, ನಮ್ಮ ಶಾಲೆಯ ಕಟ್ಟಡದಲ್ಲಿ ಇಟ್ಟಿಗೆ ಎಷ್ಟಿವೆ ಎಂದು ಅವನನ್ನು ಕೇಳಿದ್ದರು. ಅವನು ನೋಡಿ ತಕ್ಷಣ ಒಂದು ಸಂಖ್ಯೆ ಹೇಳಿಬಿಟ್ಟ. ಆ ಸುದ್ದಿ ಊರಲ್ಲೆಲ್ಲ ಕಥೆಯಾಯಿತು. ಎಷ್ಟೋ ವರ್ಷಗಳ ಮೇಲೆ ಮುದುಕನಾದ ಡೊನಾಲ್ಡ್ ಗುಟ್ಟು ಬಿಟ್ಟುಕೊಟ್ಟ. ಆ ಸಂಖ್ಯೆ ಬಾಯಿಗೆ ಬಂದದ್ದು, ಎಣಿಸಿದ್ದಲ್ಲ! ಏಕೆ ಹಾಗೆ ಹೇಳಿದೆ ಎಂದರೆ, ಆ ಹುಡುಗರು ತನ್ನನ್ನು ಮೆಚ್ಚಲಿ ಅಂತ.

ಯಾರನ್ನೂ ಕಣ್ಣೆತ್ತಿ ನೋಡದ ಹುಡುಗನಿಗೂ ಗೆಳೆಯರು ಬೇಕಿತ್ತು. ನಾಳೆ ಆಟಕ್ಕೆ ಹೋಗುವಾಗ ಮೂಲೆಯಲ್ಲಿ ಒಬ್ಬನೇ ಕೂತವನನ್ನೂ ಒಮ್ಮೆ ಕರೆಯಿರಿ. ಬರದಿದ್ದರೆ ಬೇಸರ ಬೇಡ, ನಾಡಿದ್ದೂ ಕರೆಯಿರಿ.