ಚಿಪ್ಪಿನಲ್ಲಿ ಕಂಡ ಬೆಳ್ಳಿ

ಇರುವೆಯೂ ಜೇನೂ ಕೂಡಿಡುವುದು ಆಹಾರವನ್ನು. ಮನುಷ್ಯನಾದರೋ ತಿನ್ನಲಾಗದುದನ್ನೂ ಉಡಲಾಗದುದನ್ನೂ ಕೂಡಿಡುವನು. ಮಣ್ಣಿನ ಗಿಳಿ, ಗಾಜಿನ ಹಂಸ, ಯಾತ್ರೆಯಿಂದ ತಂದ ಶಂಖ, ಹಳೆಯ ನಾಣ್ಯ, ಪ್ಲಾಸ್ಟಿಕ್ಕಿನ ತಾಜಮಹಲು, ಇವುಗಳಲ್ಲೊಂದಾದರೂ ಇಲ್ಲದ ಮನೆ ನಮ್ಮ ಬೆಳಕವಾಡಿಯಂಥ ಊರಿನಲ್ಲಿಯೂ ವಿರಳ. ಇವುಗಳಲ್ಲಿ ಇಡತಕ್ಕುದಾವುದು, ಬಿಡತಕ್ಕುದಾವುದು ಎಂಬುದು ಗೃಹಸ್ಥರೆಲ್ಲರೂ ವಿಚಾರಿಸಬೇಕಾದ ವಿಷಯ.

ಜರ್ಮನ್ ಭಾಷೆಯಲ್ಲಿ ‘ಕಿಟ್ಷ್’ ಎಂದೊಂದು ಮಾತುಂಟು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯೂನಿಕ್ ನಗರದ ಚಿತ್ರವ್ಯಾಪಾರಿಗಳ ನಡುವೆ ಬಳಕೆಗೆ ಬಂದ ಈ ಮಾತು, ಅಗ್ಗವಾಗಿಯೂ ಕಣ್ಸೆಳೆಯುವಂತೆಯೂ ಇದ್ದು ಒಳಗೆ ಪೊಳ್ಳಾದ ಕಲೆಗೆ ಹೆಸರಾಯಿತು. 1939ರಲ್ಲಿ ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಇದನ್ನು ಕುರಿತು ಪ್ರಸಿದ್ಧವಾದ ಪ್ರಬಂಧವೊಂದನ್ನು ಬರೆದರು. ಹಳ್ಳಿಯನ್ನು ಬಿಟ್ಟು ಕಾರ್ಖಾನೆಯ ಪಟ್ಟಣಗಳಿಗೆ ಬಂದ ಜನರು ತಮ್ಮ ಜಾನಪದವನ್ನು ಕಳೆದುಕೊಂಡು, ಅದರ ಬದಲಿಗೆ ಸಿದ್ಧವಸ್ತುವಾದ ಸೊಗಸನ್ನು ಬಯಸಿದರೆಂದು ಅವರ ಅಭಿಪ್ರಾಯ.

ನಮ್ಮ ಆಲಂಕಾರಿಕರು ಇದಕ್ಕೆ ಸಮೀಪವಾದುದೊಂದನ್ನು ಬಹು ಹಿಂದೆಯೇ ಗುರುತಿಸಿ ‘ರಸಾಭಾಸ’ವೆಂದು ಕರೆದರು. ಔಚಿತ್ಯ ತಪ್ಪಿದಲ್ಲಿ ರಸವು ರಸದಂತೆ ತೋರುವುದೇ ಹೊರತು ರಸವಾಗದು. ಇದಕ್ಕೆ ಅಭಿನವಗುಪ್ತರು ಕೊಡುವ ದೃಷ್ಟಾಂತ ಮುತ್ತಿನ ಚಿಪ್ಪಿನಲ್ಲಿ ತೋರುವ ಬೆಳ್ಳಿ. ಹೊಳಪು ನಿಜ, ಬೆಳ್ಳಿ ಮಾತ್ರ ಇಲ್ಲ. ಎರಡು ಮಾತುಗಳೂ ಪೂರ್ಣವಾಗಿ ಒಂದೇ ಅಲ್ಲವಾದರೂ, ದೃಷ್ಟಾಂತವು ಎರಡಕ್ಕೂ ಸಲ್ಲುವುದು.

ಅಂಗಡಿಗಳಲ್ಲಿ ಜಲಪಾತದ ಪಟವೊಂದು ಸಿಗುವುದು. ಹಿಂದೆ ವಿದ್ಯುದ್ದೀಪವು ಬೆಳಗಿದರೆ ನೀರು ಹರಿದಂತೆ ಕಾಣುವುದು. ಶಿವನಸಮುದ್ರದ ಗಗನಚುಕ್ಕಿಯೂ ಭರಚುಕ್ಕಿಯೂ ನಮಗೆ ಸಮೀಪದಲ್ಲಿಯೇ ಧುಮುಕುತ್ತಿವೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದುದು ಈ ನೀರೇ. ಮಳೆಗಾಲದಲ್ಲಿ ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯದೆ, ಹೆಸರಿಲ್ಲದ ನಾಡಿನ ಕೃತಕ ಜಲಪಾತವನ್ನು ಗೋಡೆಗೆ ತೂಗುಹಾಕಿ ತೃಪ್ತರಾಗುವುದಾದರೆ ಅದು ಚಿಪ್ಪಿನ ಬೆಳ್ಳಿಯಲ್ಲದೆ ಮತ್ತೇನು?

ಹಾಗೆಂದು ಯಂತ್ರದಿಂದ ಬಂದುದೆಲ್ಲವೂ ಹೀನವೆಂದು ಹೇಳಲಾಗದು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ಲಕ್ಷ್ಮೀ ಸರಸ್ವತಿಯರ ಬಣ್ಣದ ಪಟಗಳನ್ನು ಅಚ್ಚು ಹಾಕಿಸಿದರು. ಕಲಾಪಂಡಿತರು ಕೆಲವರು ಅವನ್ನು ಕೀಳುಗಳೆದರು. ಆದರೆ ಆ ಪಟಗಳು ದೇವಾಲಯದೊಳಕ್ಕೆ ಪ್ರವೇಶವಿಲ್ಲದವರ ಗುಡಿಸಲಿಗೂ ಹೋದುವು; ಹೆಂಗಸರು ಅವಕ್ಕೆ ಜರಿಯನ್ನೂ ಮಿನುಗುಗಳನ್ನೂ ಹೊಲಿದು ತಮ್ಮವನ್ನಾಗಿ ಮಾಡಿಕೊಂಡರು. ಕಾಗದ ಅಗ್ಗದ್ದು, ಭಕ್ತಿ ಅಗ್ಗದ್ದಲ್ಲ. ಆದುದರಿಂದ ರಸಾಭಾಸವು ಬೆಲೆಯಲ್ಲಿಯೂ ಇಲ್ಲ, ಯಂತ್ರದಲ್ಲಿಯೂ ಇಲ್ಲ. ವಸ್ತುವಿಗೂ ನಮಗೂ ಇರುವ ಸಂಬಂಧದಲ್ಲಿದೆ.

ನವರಾತ್ರಿಯ ಗೊಂಬೆಗಳನ್ನೇ ನೋಡಿರಿ. ಮದುವೆಯಲ್ಲಿ ಮಗಳಿಗೆ ಕೊಟ್ಟ ಮರದ ಪಟ್ಟದ ಗೊಂಬೆಗಳೆರಡು; ಅವುಗಳ ಕೆಳಗೆ ವರ್ಷಕ್ಕೊಂದರಂತೆ ಸೇರಿದ ಚನ್ನಪಟ್ಟಣದ ಬೊಂಬೆಗಳು. ಆಲೆಮರವನ್ನು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಆ ಉಜ್ಜಾಟದ ಬಿಸಿಯಲ್ಲಿಯೇ ಕರಗಿಸಿ, ತಾಳೆಗರಿಯಿಂದ ಹೊಳಪು ಕೊಟ್ಟ ಕೆಲಸವದು. ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಕ್ರಿಕೆಟ್ ಆಟಗಾರನೂ ನಿಂತಿರಬಹುದು. ಅವನನ್ನು ತಂದವನು ಐದು ವರ್ಷದ ಮೊಮ್ಮಗನಾದರೆ ಅವನಿಗೂ ಮೆಟ್ಟಿಲಿನ ಮೇಲೆ ಸ್ಥಳ ಉಂಟು. ನೆನಪು ಸೇರಿದೊಡನೆ ವಸ್ತುವು ಕುಲದ ಚರಿತ್ರೆಯಾಗುವುದು.

ಕೂಡಿಡುವ ಚಪಲವು ಸಾರ್ವಜನಿಕ ಸೇವೆಯಾದುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನಗಳಿವೆ. ನಾಗಮಂಗಲ ತಾಲ್ಲೂಕಿನಲ್ಲಿ ಜನಿಸಿದ ಎಚ್. ಎಲ್. ನಾಗೇಗೌಡರು ಜನರು ಮೂಲೆಗೆಸೆದ ಬೀಸುಕಲ್ಲು, ನೇಗಿಲು, ವಾದ್ಯಗಳನ್ನು ಅಮೂಲ್ಯವೆಂದು ಕಂಡರು. 1994ರಲ್ಲಿ ರಾಮನಗರದ ಬಳಿ ಆರಂಭವಾದ ‘ಜಾನಪದ ಲೋಕ’ವು ಅದರ ಫಲ. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ಗಳಿಕೆಯನ್ನು ಪುಸ್ತಕಗಳಿಗೆ ಸುರಿದು, ಹರಳಹಳ್ಳಿಯಲ್ಲಿ ಲಕ್ಷಾಂತರ ಗ್ರಂಥಗಳನ್ನು ಕೂಡಿಸಿ ಎಲ್ಲರಿಗೂ ಬಾಗಿಲು ತೆರೆದರು. ತನಗಾಗಿ ಮುಚ್ಚಿಟ್ಟರೆ ಪರಿಗ್ರಹ. ಪರರಿಗಾಗಿ ತೆರೆದಿಟ್ಟರೆ ಸಂಗ್ರಹ.

ಈ ವಿವೇಕವು ಈಗ ಅತ್ಯವಶ್ಯ. ಹಳೆಯ ಮನೆಗಳನ್ನು ಕೆಡವುವಾಗ ಅಜ್ಜಿಯ ಹಿತ್ತಾಳೆ ಕೊಡವು ತೂಕದ ಲೆಕ್ಕಕ್ಕೆ ಹೋಗುವುದು, ಪಟ್ಟದ ಗೊಂಬೆಯು ಗುಜರಿಗೆ ಸೇರುವುದು. ಹೊಸ ಗಾಜಿನ ಬೀರುವಿಗೆ ಹೊಸ ಹೊಳಪಿನ ಸಾಮಾನು ಒಟ್ಟಾಗಿ ಬರುವುದು. ಹೋದುದನ್ನು ಯಾವ ಪೇಟೆಯಲ್ಲಿಯೂ ಮರಳಿ ಕೊಳ್ಳಲಾಗದು.

ಆದಕಾರಣ ವಾಚಕ ಮಹಾಶಯರಲ್ಲಿ ನಮ್ಮ ಬಿನ್ನಹವಿಷ್ಟೆ. ಯಾವ ವಸ್ತುವನ್ನಾದರೂ ಎಸೆಯುವ ಮುನ್ನ ಮನೆಯ ಹಿರಿಯರನ್ನು ಅದರ ಕಥೆ ಕೇಳಿರಿ. ಕೊಳ್ಳುವ ಮುನ್ನ, ಇದಕ್ಕೆ ನಮ್ಮ ಮನೆಯಲ್ಲಿ ಕಥೆಯೊಂದು ಹುಟ್ಟೀತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಕಥೆಯುಳ್ಳುದನ್ನು ಒಂದು ಚೀಟಿಯಲ್ಲಿ ಬರೆದು ವಸ್ತುವಿನೊಡನೆ ಇಡಿರಿ. ಹಾಗೆ ಮಾಡಿದ ಮನೆಯಲ್ಲಿ ಮಕ್ಕಳು ಬೆಳ್ಳಿಯಾವುದು, ಚಿಪ್ಪಾವುದು ಎಂಬುದನ್ನು ತಾವಾಗಿಯೇ ಕಲಿಯುವರು.